ನಾಳೆಯೂ ಅದೇ ತರಗತಿಗೆ ಹೋಗಬೇಕಾದ ಮಗು: ಶಿಕ್ಷಕರ ಬಗ್ಗೆ ದೂರಿದ್ದಾಗ ಪೋಷಕರು ಏನು ಮಾಡಬೇಕು

ನನ್ನ ಮಗ ನಾಲ್ಕನೇ ತರಗತಿಯಲ್ಲಿದ್ದಾಗ ಮಂಗಳವಾರ ಬಂದರೆ ಅವನಿಗೆ ಹೊಟ್ಟೆನೋವು ಬರುತ್ತಿತ್ತು. ಮೊದಲ ವಾರ ಓಮದ ಕಷಾಯ ಕುಡಿಸಿದೆವು. ಎರಡನೆಯ ವಾರ ಡಾಕ್ಟರಿಗೆ ತೋರಿಸಿದೆವು. ಮೂರನೆಯ ಮಂಗಳವಾರ ಅವನ ಅಜ್ಜಿ ತಲೆಗೆ ಎಣ್ಣೆ ಹಚ್ಚುತ್ತಾ, ‘ಇವತ್ತು ಶಾಲೆಯಲ್ಲಿ ಏನಪ್ಪಾ ವಿಶೇಷ?’ ಎಂದು ಕೇಳಿದಾಗ ವಿಷಯ ಹೊರಬಿತ್ತು. ಮಂಗಳವಾರ ಮಗ್ಗಿ ಒಪ್ಪಿಸುವ ದಿನ. ಒಬ್ಬೊಬ್ಬರೇ ಎದ್ದು ನಿಂತು ಹೇಳಬೇಕು, ತಪ್ಪಿದವರು ಗಂಟೆ ಹೊಡೆಯುವವರೆಗೆ ನಿಂತೇ ಇರಬೇಕು. ನನ್ನ ಮಗ ಪ್ರತಿ ಸಲವೂ ಏಳರ ಮಗ್ಗಿಯಲ್ಲಿ ಎಡವುತ್ತಿದ್ದ, ನಿಲ್ಲುತ್ತಿದ್ದ, ಉಳಿದವರು ನಗುತ್ತಿದ್ದರು.

ಕೇಳಿದ್ದೇ ತಡ, ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಶಾಲೆಗೆ ಹೋದೆ. ಮಕ್ಕಳು ಪ್ರಾರ್ಥನೆಗೆ ಸಾಲಾಗಿ ನಿಲ್ಲುತ್ತಿದ್ದ ಹೊತ್ತು. ಗೇಟಿನ ಬಳಿಯೇ ಆ ಶಿಕ್ಷಕಿಯನ್ನು ತಡೆದು, ಬೇರೆ ಪೋಷಕರ ಎದುರಿಗೇ ಏರುದನಿಯಲ್ಲಿ ಮಾತಾಡಿದೆ. ಅವರು ಒಂದು ಮಾತನ್ನೂ ಆಡದೆ ಒಳಗೆ ನಡೆದರು. ಆಮೇಲೆ ಎರಡು ವಾರ ಅವರು ನನ್ನ ಮಗನನ್ನು ನಿಲ್ಲಿಸಲಿಲ್ಲ, ಬೈಯಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತರಗತಿಯಲ್ಲಿ ಅವನು ಇದ್ದೂ ಇಲ್ಲದವನಾದ. ಜಗಳ ಆಡಿದವಳು ನಾನು, ಅದರ ಬೆಲೆ ತೆತ್ತವನು ಅವನು.

ಮುಂದೆ ಅದೇ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಸದಸ್ಯೆಯಾಗಿ, ಬೇರೆ ತಂದೆತಾಯಂದಿರ ದೂರು ಕೇಳುವ ಸರದಿ ನನ್ನದಾಯಿತು. ದೂರು ಕೊಟ್ಟವರು ಮನೆಗೆ ಮರಳುತ್ತಾರೆ, ಮಗು ಮಾತ್ರ ನಾಳೆಯೂ ಅದೇ ಶಿಕ್ಷಕರ ಎದುರು ಕೂರಬೇಕು. ಕೆಳಗೆ ಹೇಳಿರುವ ಪ್ರತಿ ಹೆಜ್ಜೆಯನ್ನೂ ಆ ಮಗುವಿನ ನಾಳೆಯ ಬೆಳಗನ್ನು ಕಣ್ಣ ಮುಂದಿಟ್ಟುಕೊಂಡೇ ಬರೆದಿದ್ದೇನೆ.

ಮಾತುಕತೆಗೆ ಬಿಡಬಾರದ ಸಂಗತಿಗಳು

ಕೆಲವು ದೂರುಗಳಲ್ಲಿ ‘ಮೊದಲು ಅವರ ಹತ್ತಿರವೇ ಮಾತಾಡಿ ನೋಡೋಣ’ ಎಂದು ಹೊರಡುವುದೇ ತಪ್ಪು. ಮೈ ಮುಟ್ಟುವ ರೀತಿ, ಅಶ್ಲೀಲ ಮಾತು, ಮೊಬೈಲಿನಲ್ಲಿ ತೋರಿಸಿದ ಚಿತ್ರ, ಒಬ್ಬಳನ್ನೇ ಕೋಣೆಯಲ್ಲಿ ಉಳಿಸಿಕೊಳ್ಳುವುದು ಇಂಥವುಗಳ ಸುಳಿವನ್ನು ಮಗು ಕೊಟ್ಟರೂ ಸಾಕು, ಆ ವ್ಯಕ್ತಿಯನ್ನು ಎದುರಿಸಲು ಹೋಗಬೇಡಿ. ಅದರಿಂದ ಸಾಕ್ಷ್ಯ ಅಳಿಸಲು, ಮಗುವನ್ನು ಹೆದರಿಸಲು ಅವಕಾಶ ಕೊಟ್ಟಂತಾಗುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಅಥವಾ ಪೊಲೀಸ್ ಠಾಣೆಗೆ ಹೋಗಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಇಂಥ ಸಂಗತಿ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಿದೆ. ಆದ್ದರಿಂದ ‘ಶಾಲೆಯ ಮರ್ಯಾದೆ ಹೋಗುತ್ತದೆ, ನಾವೇ ನೋಡಿಕೊಳ್ಳುತ್ತೇವೆ’ ಎಂಬ ಮಾತಿಗೆ ಮಣಿಯಬೇಡಿ.

ಠಾಣೆಯ ಮೆಟ್ಟಿಲು ಹತ್ತಿಸಬೇಕಲ್ಲ ಎಂದು ಹಿಂಜರಿಯುವವರೂ ಇದ್ದಾರೆ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರ ಧರಿಸದೆ ಬರೆದುಕೊಳ್ಳಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಮಗುವಿನ ಗುರುತನ್ನು ಬಯಲು ಮಾಡುವಂತಿಲ್ಲ. ನೀವು ಮಾಡಬೇಕಾದದ್ದು: ಮಗು ಹೇಳಿದ್ದನ್ನು ಅದರದೇ ಮಾತುಗಳಲ್ಲಿ ಬರೆದಿಡಿ, ಅಂದು ತೊಟ್ಟಿದ್ದ ಬಟ್ಟೆಯನ್ನು ಒಗೆಯದೆ ತೆಗೆದಿಡಿ, ಬಂದವರಿಗೆಲ್ಲ ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಿಸಬೇಡಿ.

ಹೊಡೆತದ ವಿಷಯವೂ ಹೆಚ್ಚು ಕಾಯುವಂಥದ್ದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೈಮೇಲೆ ಬಾಸುಂಡೆ ಇದ್ದರೆ ಅದೇ ದಿನ ಚಿತ್ರ ತೆಗೆಯಿರಿ, ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತೋರಿಸಿ ಚೀಟಿ ಪಡೆಯಿರಿ, ನೇರವಾಗಿ ಮುಖ್ಯ ಶಿಕ್ಷಕರಿಗೆ ಲಿಖಿತ ದೂರು ಕೊಡಿ. ಗಾಯ ದೊಡ್ಡದಿದ್ದರೆ ಪೊಲೀಸರಿಗೂ ತಿಳಿಸಿ. ‘ನಾವೆಲ್ಲ ನಾಗರಬೆತ್ತದ ಏಟು ತಿಂದೇ ಕಲಿತವರು’ ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇರುತ್ತಾರೆ. ಏಟಿಗೆ ಹೆದರಿ ಶಾಲೆ ಬಿಟ್ಟವರು ಆ ಮಾತು ಹೇಳಲು ಮುಂದೆ ಬರುವುದಿಲ್ಲ ಎಂಬುದನ್ನೂ ನೆನೆಯಬೇಕು.

ಜಾತಿಯ ಕಾರಣಕ್ಕೆ ಬೇರೆ ಕೂರಿಸುವುದು, ಕೆಲವು ಮಕ್ಕಳಿಂದಲೇ ಶೌಚಾಲಯ ತೊಳೆಸುವುದು ಕೂಡ ಈ ಸಾಲಿಗೇ ಸೇರುತ್ತದೆ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲಗುಂಡಿಗೆ ಇಳಿಸಿದ ಸುದ್ದಿ ನಾಡಿನ ಕಣ್ಣು ತೆರೆಸಿತ್ತು. ಅಲ್ಲಿನ ಸಿಬ್ಬಂದಿಯ ಮೇಲೆ ಪೊಲೀಸ್ ಪ್ರಕರಣವೂ ದಾಖಲಾಯಿತು.

ಇವುಗಳನ್ನು ಬಿಟ್ಟು ಉಳಿದ ಬಹುಪಾಲು ದೂರುಗಳಿಗೆ ಮುಂದಿನ ದಾರಿ.

ಮಗುವಿನ ಮಾತು ಕೇಳುವ ಬಗೆ

‘ಮಿಸ್‌ಗೆ ನನ್ನನ್ನು ಕಂಡರೆ ಆಗುವುದಿಲ್ಲ’ ಎಂಬ ಒಂದೇ ವಾಕ್ಯಕ್ಕೆ ಹತ್ತು ಅರ್ಥಗಳಿವೆ. ಕೈ ಎತ್ತಿದರೂ ಕೇಳಲಿಲ್ಲ, ನಾಟಕದಲ್ಲಿ ಪಾತ್ರ ಕೊಡಲಿಲ್ಲ, ಅಕ್ಷರ ದುಂಡಾಗಿಲ್ಲವೆಂದು ಹಾಳೆ ಹರಿದರು, ಗೆಳತಿಯ ಪಕ್ಕದಿಂದ ಎಬ್ಬಿಸಿ ಬೇರೆ ಬೆಂಚಿಗೆ ಕಳಿಸಿದರು. ಯಾವುದು ಎಂದು ತಿಳಿಯುವ ಮೊದಲೇ ಸಿಟ್ಟಿಗೇಳಬಾರದು.

‘ಮಿಸ್ ಹೊಡೆದರಾ? ಬೈದರಾ?’ ಎಂದು ಬಾಯಿಗೆ ಮಾತು ಹಾಕಿದರೆ ಮಗು ನಿಮ್ಮ ಮುಖ ನೋಡಿ ‘ಹೂಂ’ ಎನ್ನುತ್ತದೆ. ‘ಆಗ ಏನು ಪಾಠ ನಡೆಯುತ್ತಿತ್ತು? ನೀನು ಎಲ್ಲಿ ಕೂತಿದ್ದೆ? ಆಮೇಲೆ?’ ಎಂದಷ್ಟೇ ಕೇಳಿ ಸುಮ್ಮನಿರಿ. ಸ್ಕೂಟರಿನ ಹಿಂದೆ ಕೂತಾಗ, ಜಡೆ ಹೆಣೆಸಿಕೊಳ್ಳುವಾಗ, ದೀಪ ಆರಿಸಿದ ಮೇಲೆ ಮಕ್ಕಳು ಹೇಳುವಷ್ಟನ್ನು ಎದುರು ಕೂರಿಸಿಕೊಂಡರೆ ಹೇಳುವುದಿಲ್ಲ. ಸಣ್ಣವರಾದರೆ ಅವರೊಂದಿಗೆ ಟೀಚರ್ ಆಟ ಆಡಿ. ಗೊಂಬೆಗಳನ್ನು ಸಾಲಾಗಿ ಕೂರಿಸಿ ಪಾಠ ಮಾಡುವ ಐದು ವರ್ಷದ ಹುಡುಗಿಯ ದನಿಯಲ್ಲಿ ಅವಳ ಶಿಕ್ಷಕಿಯ ದನಿ ಹಾಗೆಯೇ ಕೇಳಿಸುತ್ತದೆ.

ಕೇಳುವಾಗ ಎರಡು ಎಚ್ಚರ ಬೇಕು. ಮಗುವಿನ ಎದುರು ಶಿಕ್ಷಕರನ್ನು ಹಳಿಯಬೇಡಿ, ಮರುದಿನ ಆ ಮಾತು ತರಗತಿಯಲ್ಲಿ ಉದುರುತ್ತದೆ. ‘ಯಾರಿಗೂ ಹೇಳುವುದಿಲ್ಲ’ ಎಂಬ ಭಾಷೆ ಕೊಡಬೇಡಿ. ‘ನಿನಗೆ ತೊಂದರೆ ಆಗದಂತೆ ನೋಡಿಕೊಂಡೇ ಹೇಳುತ್ತೇನೆ’ ಎನ್ನಿ.

ಮಗುವಿನ ನೋಟ್‌ಬುಕ್‌ಗಳನ್ನು ಬಿಡಿಸಿ ನೋಡಿ. ಕೆಂಪು ಶಾಯಿ ಕಂಡು ಎಷ್ಟು ದಿನವಾಗಿದೆ, ಬೋರ್ಡಿನಿಂದ ಇಳಿಸಿಕೊಂಡದ್ದು ಅರ್ಧಕ್ಕೇ ನಿಂತಿದೆಯೇ? ಅರ್ಧಕ್ಕೆ ನಿಂತಿದ್ದರೆ ಕಣ್ಣಿನ ಪರೀಕ್ಷೆ ಮಾಡಿಸಿದ ಮೇಲೆಯೇ ಶಿಕ್ಷಕರ ಬಳಿ ಹೋಗಿ. ಬಾಯಿಮಾತಿನಲ್ಲಿ ಚುರುಕಾಗಿದ್ದು ಓದುವಾಗ ಬರೆಯುವಾಗ ಮಾತ್ರ ಅಕ್ಷರಗಳಲ್ಲಿ ಸಿಕ್ಕಿಬೀಳುವ ಮಗುವಿಗೆ ಕಲಿಕಾ ನ್ಯೂನತೆ ಇರಬಹುದು. ಅಂಥ ಮಗುವನ್ನು ‘ಸೋಮಾರಿ’ ಎಂದು ವರ್ಷವಿಡೀ ಬೈದ ಶಿಕ್ಷಕರನ್ನೂ, ಅದೇ ಪದ ಬಳಸಿದ ತಂದೆಯನ್ನೂ ಕಂಡಿದ್ದೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದಕ್ಕೆ ಮಾನ್ಯತೆಯಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಬೆಂಗಳೂರಿಗೆ ಬರಲಾಗುವವರು ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ತೋರಿಸಿ.

ಎರಡು ವಾರ, ಒಂದು ಪುಟ್ಟ ಪುಸ್ತಕ

ತುರ್ತಿಲ್ಲದ ದೂರಾದರೆ ಎರಡು ವಾರ ಬರೆದಿಡಿ. ದಿನಾಂಕ, ಯಾವ ವಿಷಯದ ಪೀರಿಯಡ್, ಏನಾಯಿತು, ಮಗು ಏನೆಂದಿತು, ಇಷ್ಟೇ. ‘ಟೀಚರ್ ಯಾವಾಗಲೂ ಅವಮಾನ ಮಾಡುತ್ತಾರೆ’ ಎಂದು ಬರೆದರೆ ಉಪಯೋಗವಿಲ್ಲ. ‘ಜುಲೈ 9, ಗಣಿತ. ಹೋಂವರ್ಕ್ ಮರೆತದ್ದಕ್ಕೆ ಎರಡನೇ ತರಗತಿಯಲ್ಲಿ ಕೂರಿಸಿದರು, ಬಿಸಿಯೂಟದವರೆಗೆ’ ಎಂಬುದನ್ನು ಯಾರೂ ತಳ್ಳಿಹಾಕಲಾಗದು. ಬರೆಯುತ್ತಾ ಹೋದಂತೆ ಕೆಲವು ದೂರುಗಳು ತಾವಾಗಿ ಕರಗುತ್ತವೆ. ಉಳಿದವು ಗಟ್ಟಿಯಾಗುತ್ತವೆ.

ಶಿಕ್ಷಕರ ಎದುರು ಕೂರುವುದು

ನಾನು ಎಡವಿದ್ದು ಇಲ್ಲೇ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಸಮಯ ಕೇಳಿ. ಮಗುವಿನ ಡೈರಿಯಲ್ಲಿ ‘ನಮಸ್ಕಾರ ಮೇಡಂ, ಮಗನ ಗಣಿತದ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕಿದೆ. ಈ ವಾರ ಶಾಲೆ ಬಿಟ್ಟ ಮೇಲೆ ನಿಮಗೆ ಅನುಕೂಲವಾದ ದಿನ ತಿಳಿಸಿ’ ಎಂದು ಬರೆದರೆ ಸಾಕು. ದೂರಿನ ವಿವರವನ್ನು ಡೈರಿಯಲ್ಲಿ ಬರೆಯಬೇಡಿ, ಅದನ್ನು ಹೊತ್ತೊಯ್ಯುವುದು ಮಗು. ಪೋಷಕರ ಸಭೆಯ ದಿನ ಬೆನ್ನ ಹಿಂದೆ ಹತ್ತು ಜನ ಕಾಯುತ್ತಿರುವಾಗ ಇಂಥ ಮಾತು ಎತ್ತಬೇಡಿ. ಕೂಲಿ ಬಿಟ್ಟು ಬರಲಾಗದವರು, ಪಾಳಿಯಲ್ಲಿ ದುಡಿಯುವವರು ತಮಗೆ ಬಿಡುವಾಗುವ ಹೊತ್ತನ್ನು ಸಂಕೋಚವಿಲ್ಲದೆ ಹೇಳಲಿ. ಪೋಷಕರನ್ನು ನಿಯಮಿತವಾಗಿ ಭೇಟಿಯಾಗಿ ಮಗುವಿನ ಹಾಜರಿ, ಕಲಿಕೆ, ಪ್ರಗತಿ ತಿಳಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಶಿಕ್ಷಕರ ಕರ್ತವ್ಯ. ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲೂ ಕನ್ನಡದಲ್ಲೇ ಮಾತಾಡಿ. ಹರಕು ಇಂಗ್ಲಿಷಿನಲ್ಲಿ ಹೇಳಲು ಹೋಗಿ, ಹೇಳಬೇಕಾದ್ದನ್ನೇ ನುಂಗಿಕೊಂಡು ಬಂದ ಎಷ್ಟೋ ತಾಯಂದಿರು ನನಗೆ ಗೊತ್ತು.

ಇಬ್ಬರಿಗಿಂತ ಹೆಚ್ಚು ಜನ ಹೋಗಬೇಡಿ. ಪಂಚಾಯಿತಿ ಸದಸ್ಯರನ್ನೋ, ಪರಿಚಯದ ‘ದೊಡ್ಡವರನ್ನೋ’ ಕರೆದುಕೊಂಡು ಹೋದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಮಗುವನ್ನು ಹೊರಗೆ ಆಡಲು ಬಿಡಿ.

ಮಾತು ಆರಂಭಿಸುವ ಬಗೆ ಹೀಗಿರಲಿ: ‘ಮೇಡಂ, ಎರಡು ವಾರದಿಂದ ಮಂಗಳವಾರ ಶಾಲೆಗೆ ಹೊರಡಲು ಅವನು ಅಳುತ್ತಿದ್ದಾನೆ. ಮಗ್ಗಿ ತಪ್ಪಿದಾಗ ನಿಲ್ಲಬೇಕಾಗುತ್ತದೆ, ಎಲ್ಲರೂ ನಗುತ್ತಾರೆ ಎನ್ನುತ್ತಾನೆ. ಅವನು ಹೇಳಿದ್ದಷ್ಟೇ ನನಗೆ ಗೊತ್ತು. ತರಗತಿಯಲ್ಲಿ ನೀವು ಏನು ಕಂಡಿದ್ದೀರಿ?’ ಇಷ್ಟು ಹೇಳಿ, ಕೇಳಿಸಿಕೊಳ್ಳಿ. ‘ನೀವು ಯಾಕೆ ಹೀಗೆ ಮಾಡುತ್ತೀರಿ?’ ಎಂದು ಆರಂಭಿಸಿದರೆ ಎದುರಿನವರು ತಮ್ಮನ್ನು ಕಾಪಾಡಿಕೊಳ್ಳುವುದರಲ್ಲೇ ಉಳಿದ ಹೊತ್ತು ಕಳೆಯುತ್ತಾರೆ.

ಗೇಟಿನ ಜಗಳದ ಮೂರು ವಾರಗಳ ನಂತರ ನಾನು ಆ ಶಿಕ್ಷಕಿಯ ಬಳಿ ಮತ್ತೆ ಹೋದೆ. ಮೊದಲು, ಎಲ್ಲರೆದುರು ಕೂಗಾಡಿದ್ದಕ್ಕೆ ಕ್ಷಮೆ ಕೇಳಿದೆ. ಅವರು ಬೆಂಚಿನ ತುದಿಯಲ್ಲಿ ಕುಳಿತು ಹೇಳಿದ್ದು ಹೀಗೆ: ಸಹೋದ್ಯೋಗಿಯೊಬ್ಬರು ಹೆರಿಗೆ ರಜೆಯಲ್ಲಿದ್ದರು, ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡಿದ್ದರು, ನಲವತ್ತಾರು ಮಕ್ಕಳು. ಮಗ್ಗಿ ಸ್ಪರ್ಧೆ ಮಕ್ಕಳಿಗೆ ಖುಷಿ ಎಂದೇ ಅವರು ತಿಳಿದಿದ್ದರು, ಏಕೆಂದರೆ ಗೆಲ್ಲುವ ಹತ್ತು ಮಕ್ಕಳು ಕುಣಿಯುತ್ತಿದ್ದರು. ಪ್ರಾಥಮಿಕ ಹಂತದಲ್ಲಿ ಮೂವತ್ತು ಮಕ್ಕಳಿಗೊಬ್ಬ ಶಿಕ್ಷಕರಿರಬೇಕು ಎಂಬ ನಿಯಮ ಕಾಗದದಲ್ಲಿದೆ. ಜನಗಣತಿ, ಚುನಾವಣೆ ಎಂದು ಅವರನ್ನು ಎಳೆದೊಯ್ಯುವ ಕೆಲಸಗಳೂ ಇವೆ. ಇದನ್ನು ತಿಳಿದರೆ ಶಿಕ್ಷಕರ ತಪ್ಪು ಸರಿಯಾಗಿಬಿಡುವುದಿಲ್ಲ. ಏನನ್ನು ಕೇಳಿದರೆ ನಡೆದೀತು ಎಂಬ ಅಂದಾಜು ಮಾತ್ರ ಸಿಗುತ್ತದೆ.

ಹಾಗೆ ಕೇಳುವಾಗ ಒಂದೋ ಎರಡೋ ಸಂಗತಿ, ಮಾಡಬಹುದಾದಂಥದ್ದು, ಸ್ಪಷ್ಟವಾಗಿ ಕೇಳಿ. ‘ಮಗನ ಕಡೆ ಗಮನ ಕೊಡಿ’ ಎಂದರೆ ಎಲ್ಲರೂ ‘ಆಯಿತು’ ಎನ್ನುತ್ತಾರೆ, ಏನೂ ಬದಲಾಗುವುದಿಲ್ಲ. ನಾವು ಒಪ್ಪಿಕೊಂಡದ್ದು ಇಷ್ಟು: ಮಗ್ಗಿಯನ್ನು ಗುಂಪಿನಲ್ಲಿ ಕೂತೇ ಹೇಳುವುದು, ಯಾವ ಮಗ್ಗಿ ಎಂದು ಹಿಂದಿನ ದಿನವೇ ತಿಳಿಸುವುದು, ಮನೆಯಲ್ಲಿ ನಾನು ದಿನಕ್ಕೆ ಹತ್ತು ನಿಮಿಷ ಹೇಳಿಸುವುದು. ಒಂದು ಪಾಲು ಹೊಣೆಯನ್ನು ನೀವೂ ಹೊತ್ತರೆ ಶಿಕ್ಷಕರಿಗೆ ಒಪ್ಪಲು ಸುಲಭವಾಗುತ್ತದೆ. ಏಳರ ಮಗ್ಗಿಗೆ ನಮಗೆ ಒಂದು ತಿಂಗಳು ಹಿಡಿಯಿತು.

ಶಿಕ್ಷಕರು ಸಿಡುಕಿದರೆ? ‘ನಿಮ್ಮ ಮಗನೇ ಸರಿಯಿಲ್ಲ’ ಎಂದರೆ? ‘ಅವನು ಏನು ಮಾಡುತ್ತಾನೆ ಹೇಳಿ ಸರ್, ಬರೆದುಕೊಳ್ಳುತ್ತೇನೆ’ ಎಂದು ಪುಸ್ತಕ ತೆರೆಯಿರಿ. ಅವರು ಹೇಳಿದ್ದರಲ್ಲಿ ನಿಜವಿರಬಹುದು. ಬರೆದುಕೊಳ್ಳುವವರ ಎದುರು ಮಾತೂ ಹದಕ್ಕೆ ಬರುತ್ತದೆ. ಆಗಲೂ ದನಿ ಏರುತ್ತಿದ್ದರೆ ‘ಇನ್ನೊಮ್ಮೆ ಬರುತ್ತೇನೆ’ ಎಂದು ಎದ್ದುಬಿಡಿ.

ಅಂಕದ ತಕರಾರಿದ್ದರೆ ಉತ್ತರ ಪತ್ರಿಕೆಯನ್ನು ಎದುರಿಗಿಟ್ಟುಕೊಂಡು ಮಾತಾಡಿ. ‘ನನ್ನ ಬಳಿ ಟ್ಯೂಷನ್‌ಗೆ ಬಂದರೆ ಸುಧಾರಿಸುತ್ತಾನೆ’ ಎಂದು ತರಗತಿಯ ಶಿಕ್ಷಕರೇ ಹೇಳಿದರೆ, ಖಾಸಗಿ ಟ್ಯೂಷನ್ ಮಾಡಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್‌ನಲ್ಲಿ ಇದೆ ಎಂಬುದು ನಿಮಗೆ ತಿಳಿದಿರಲಿ.

ಭೇಟಿಯ ನಂತರ ಮೂರು ವಾರ ಬಿಡಿ. ಅಭ್ಯಾಸ ಬದಲಾಗಲು ದೊಡ್ಡವರಿಗೂ ಹೊತ್ತು ಬೇಕು. ಆದರೆ ಮರುದಿನವೇ ‘ಮನೆಗೆ ಹೋಗಿ ಚಾಡಿ ಹೇಳಿದೆಯಾ?’ ಎಂದು ತರಗತಿಯಲ್ಲಿ ಮಗುವನ್ನು ಹಂಗಿಸಿದ್ದು ತಿಳಿದರೆ ಮೂರು ವಾರ ಕಾಯಬೇಡಿ, ಮೂರು ದಿನವೂ ಬೇಡ.

ಮುಖ್ಯ ಶಿಕ್ಷಕರಿಂದ ಮೇಲಕ್ಕೆ

ಮುಖ್ಯ ಶಿಕ್ಷಕರ ಬಳಿ ಹೋಗುವಾಗ ಬರಹದಲ್ಲಿ ಕೊಡಿ. ಬಾಯಿಮಾತಿನ ದೂರಿಗೆ ಗುರುತು ಉಳಿಯುವುದಿಲ್ಲ. ಒಂದೇ ಪುಟ ಸಾಕು:

‘ಇವರಿಗೆ, ಮುಖ್ಯ ಶಿಕ್ಷಕರು. ಮಾನ್ಯರೇ, ವಿಷಯ: ಐದನೇ ತರಗತಿಯ ನನ್ನ ಮಗಳನ್ನು ಪದೇ ಪದೇ ತರಗತಿಯಿಂದ ಹೊರಗೆ ನಿಲ್ಲಿಸುತ್ತಿರುವ ಬಗ್ಗೆ. ಆಗಸ್ಟ್ 4, 7 ಮತ್ತು 12ರಂದು ವಿಜ್ಞಾನದ ಅವಧಿಯಲ್ಲಿ ಅವಳನ್ನು ಹೊರಗೆ ನಿಲ್ಲಿಸಲಾಗಿದೆ. ಆಗಸ್ಟ್ 14ರಂದು ಸಂಬಂಧಪಟ್ಟ ಶಿಕ್ಷಕರೊಂದಿಗೆ ಮಾತಾಡಿದ್ದೇನೆ. ಅನಂತರವೂ 19 ಮತ್ತು 21ರಂದು ಇದು ಮುಂದುವರಿದಿದೆ. ಇದನ್ನು ನಿಲ್ಲಿಸಬೇಕೆಂದೂ, ತೆಗೆದುಕೊಂಡ ಕ್ರಮವನ್ನು ಹತ್ತು ದಿನಗಳೊಳಗೆ ಬರಹದಲ್ಲಿ ತಿಳಿಸಬೇಕೆಂದೂ ಕೋರುತ್ತೇನೆ.’

ಶಿಕ್ಷಕರ ಸ್ವಭಾವ, ಜಾತಿ, ಮನೆ, ವರ್ಗಾವಣೆಯ ಇತಿಹಾಸ ಯಾವುದೂ ಪತ್ರದಲ್ಲಿ ಬೇಡ. ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕದೊಂದಿಗೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ಅದೇ ಪತ್ರವನ್ನು ಅಂಚೆಯಲ್ಲಿ ನೋಂದಾಯಿಸಿ ಕಳಿಸಿ. ಬರೆಯಲು ಬಾರದವರು ನಂಬಿಕಸ್ಥರಿಂದ ಬರೆಸಿ, ಓದಿಸಿ ಕೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತಲಿ.

ಸರ್ಕಾರಿ ಶಾಲೆಗಳಲ್ಲಿ 2001ರಿಂದ ಎಸ್‌ಡಿಎಂಸಿ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಸಭೆಯಲ್ಲಿ ನಿಮ್ಮ ವಿಷಯ ಚರ್ಚೆಯಾಗಿ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಮಗುವಿನ ಹೆಸರನ್ನು ತುಂಬಿದ ಸಭೆಯಲ್ಲಿ ಎತ್ತದಂತೆ ಅಧ್ಯಕ್ಷರಿಗೆ ಮೊದಲೇ ಹೇಳಿಡಿ, ಊರಿನಲ್ಲಿ ಸುದ್ದಿಗೆ ಕಾಲು ಬೇಕಿಲ್ಲ. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ಸಮಿತಿಯ ನಿಯಮ ಅನ್ವಯಿಸುವುದಿಲ್ಲ, ಅಲ್ಲಿ ಪ್ರಾಂಶುಪಾಲರ ನಂತರ ಆಡಳಿತ ಮಂಡಳಿಗೆ ಬರೆಯಬೇಕು.

ಶಾಲೆಯ ಮಟ್ಟದಲ್ಲಿ ಬಗೆಹರಿಯದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿ. ಅವರ ಮೇಲೆ ಜಿಲ್ಲೆಯ ಉಪನಿರ್ದೇಶಕರು. ಕೆಲವು ಜಿಲ್ಲೆಗಳಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳಿವೆ ಎಂಬುದು ನೆನಪಿರಲಿ. ಶಿರಾದವರು ತುಮಕೂರಿಗೆ ಹೋಗಿ ಒಂದು ದಿನ ಕಳೆದುಕೊಳ್ಳಬಾರದು, ಅವರ ಉಪನಿರ್ದೇಶಕರ ಕಚೇರಿ ಇರುವುದು ಮಧುಗಿರಿಯಲ್ಲಿ. ಹೀಗೆಯೇ ಬೆಳಗಾವಿ ಜಿಲ್ಲೆಯಲ್ಲಿ ಚಿಕ್ಕೋಡಿ, ಉತ್ತರ ಕನ್ನಡದಲ್ಲಿ ಶಿರಸಿ ಬೇರೆ ಶೈಕ್ಷಣಿಕ ಜಿಲ್ಲೆಗಳು. ಕಚೇರಿಯ ಟಪಾಲು ವಿಭಾಗದಲ್ಲಿ ಮುದ್ರೆ ಹಾಕಿಸಿಕೊಂಡು, ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ ಕೇಳಿ. ಸರ್ಕಾರಿ ಕಚೇರಿ ಸುಮ್ಮನಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, ‘ಇಂಥ ದಿನದ ನನ್ನ ಪತ್ರದ ಮೇಲೆ ಏನು ಕ್ರಮವಾಗಿದೆ?’ ಎಂದು ಕೇಳಬಹುದು. 30 ದಿನಗಳಲ್ಲಿ ಉತ್ತರ ಕೊಡಬೇಕು. ಶಿಕ್ಷಣ ಹಕ್ಕು ಕಾಯ್ದೆಯಡಿ ಕೊಟ್ಟ ಲಿಖಿತ ದೂರನ್ನು ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ತೃಪ್ತಿಯಾಗದಿದ್ದರೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಪಠ್ಯಕ್ರಮ ರಾಜ್ಯದ್ದಾಗಲಿ ಸಿಬಿಎಸ್‌ಇಯದ್ದಾಗಲಿ, ಆಯೋಗದ ಬಾಗಿಲು ತೆರೆದೇ ಇದೆ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೇಡ

ರಾತ್ರಿ ಒಂಬತ್ತಕ್ಕೆ ತಾಯಿಯೊಬ್ಬರು ತರಗತಿಯ ಗುಂಪಿನಲ್ಲಿ ‘ಬೇರೆ ಯಾರಿಗಾದರೂ ಈ ಟೀಚರ್‌ನಿಂದ ತೊಂದರೆ ಆಗಿದೆಯೇ?’ ಎಂದು ಬರೆದರು. ಹನ್ನೊಂದರ ಹೊತ್ತಿಗೆ ಎಂಬತ್ತು ಸಂದೇಶಗಳು. ಬೆಳಿಗ್ಗೆ ಅದರ ಚಿತ್ರ ಶಿಕ್ಷಕಿಯ ಮೊಬೈಲಿಗೂ, ಅವರ ಮನೆಯವರ ಮೊಬೈಲಿಗೂ ತಲುಪಿತ್ತು. ಅವರು ಒಂದು ವಾರ ರಜೆ ಹಾಕಿದರು. ಮೂಲ ದೂರು ಇದ್ದದ್ದು ಕನ್ನಡ ನೋಟ್ಸ್ ತಿದ್ದಿಲ್ಲ ಎಂಬುದರ ಬಗ್ಗೆ. ಹಲವು ಮಕ್ಕಳಿಗೆ ಒಂದೇ ತೊಂದರೆ ಇದೆ ಎನಿಸಿದರೆ ಮೂರು ನಾಲ್ಕು ಪೋಷಕರು ಮುಖಾಮುಖಿ ಕೂತು ಮಾತಾಡಿ, ಪ್ರತಿಯೊಬ್ಬರೂ ತಮ್ಮ ಮಗುವಿನ ಅನುಭವವನ್ನಷ್ಟೇ ಬರೆದು ಸಹಿ ಹಾಕಿ. ಅದಕ್ಕೆ ತೂಕವಿರುತ್ತದೆ.

ಸೇಡಿನ ಭಯ ಮತ್ತು ಶಾಲೆ ಬದಲಿಸುವ ಮಾತು

‘ದೂರು ಕೊಟ್ಟರೆ ಮಗುವಿನ ಮೇಲೆ ತೀರಿಸಿಕೊಳ್ಳುತ್ತಾರೆ’ ಎಂಬ ಭಯದಿಂದಲೇ ಅರ್ಧ ಜನ ಸುಮ್ಮನಾಗುತ್ತಾರೆ. ಭಯ ಸುಳ್ಳಲ್ಲ. ದೂರು ಕೊಟ್ಟ ಮೇಲೂ ಪುಟ್ಟ ಪುಸ್ತಕದಲ್ಲಿ ಬರೆಯುವುದನ್ನು ನಿಲ್ಲಿಸಬೇಡಿ. ವಾರಕ್ಕೊಮ್ಮೆ ನೋಟ್‌ಬುಕ್, ಅಂಕ, ಕೂರುವ ಜಾಗ ನೋಡುತ್ತಿರಿ. ‘ಟಿಸಿ ಕೊಟ್ಟು ಕಳಿಸುತ್ತೇವೆ’ ಎಂದು ಬೆದರಿಸಿದರೆ, ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ ಎಂಬುದನ್ನು ಶಾಂತವಾಗಿ ತಿಳಿಸಿ.

ವಿಭಾಗ ಬದಲಿಸಲು ಸಾಧ್ಯವಿದ್ದರೆ ದಸರಾ ರಜೆಯ ಹೊತ್ತಿಗೆ ಕೇಳಿ, ರಜೆ ಮುಗಿಸಿ ಬರುವ ಮಗುವಿಗೆ ಹೊಸ ಕೋಣೆ ಅಷ್ಟು ಕಷ್ಟವಾಗುವುದಿಲ್ಲ. ಗೆಳೆಯರನ್ನು ಬಿಟ್ಟು ಹೋಗಲು ಮಗುವಿಗೆ ಮನಸ್ಸಿದೆಯೇ ಎಂದು ಅದನ್ನೇ ಕೇಳಿ. ಎಷ್ಟೋ ಸಲ ಮಕ್ಕಳು ಕಟುವಾದ ಶಿಕ್ಷಕರನ್ನು ಸಹಿಸಿಕೊಂಡಾರು, ಪಕ್ಕದ ಗೆಳೆಯನನ್ನು ಕಳೆದುಕೊಳ್ಳಲು ಒಪ್ಪುವುದಿಲ್ಲ.

ಶಾಲೆಯನ್ನೇ ಬಿಡಿಸುವ ತೀರ್ಮಾನವಾದರೆ ವರ್ಗಾವಣೆ ಪತ್ರದ ಜೊತೆಗೆ ಪ್ರಗತಿ ಪತ್ರ, ನಿಮ್ಮ ದೂರುಗಳ ಪ್ರತಿ, ಬಂದ ಹಿಂಬರಹ ಎಲ್ಲವನ್ನೂ ಒಂದೇ ಕಡತದಲ್ಲಿಡಿ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿಸುವುದಾದರೆ ವರ್ಗಾವಣೆ ಪತ್ರ ತಡವಾಯಿತೆಂದು ಅವರು ಪ್ರವೇಶ ನಿರಾಕರಿಸುವಂತಿಲ್ಲ. ಹೊಸ ಶಾಲೆಯ ತರಗತಿ ಶಿಕ್ಷಕರಿಗೆ ಹಳೆಯ ಜಗಳವನ್ನು ಹೇಳಬೇಕಿಲ್ಲ. ‘ಎದ್ದು ನಿಲ್ಲಿಸಿ ಕೇಳಿದರೆ ಅವನಿಗೆ ಮಾತು ಹೊರಡುವುದಿಲ್ಲ ಮೇಡಂ, ಕೂತಲ್ಲೇ ಕೇಳಿದರೆ ಹೇಳುತ್ತಾನೆ’ ಎಂಬಷ್ಟನ್ನು ಮೊದಲ ದಿನವೇ ಹೇಳಿ ಬನ್ನಿ.